ಇಬ್ಬರಿಗಾಗುವಷ್ಟು ನೂಡಲ್ಸ್

ಫೆಬ್ರವರಿ ೧೧

ಬಟಾಣಿ,

ನಾನು ಕ್ಷೇಮ, ನೀನೂ ಹಾಗೇ ಇದ್ದೀಯ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ, ಏಕೆಂದರೆ ವಿಷಯ ಒಲೆಯ ಮೇಲಿದೆ.

ಇಪ್ಪತ್ತೆಂಟು ದಾಟಿದ ಮಗಳನ್ನು, ಅದೂ ಸರಕು ಹಡಗಿನಲ್ಲಿ ಗಂಡಸರಿಗೆಲ್ಲ ಅಡುಗೆ ಮಾಡಿ ಬಡಿಸುವವಳನ್ನು, ಇನ್ನೂ ಬಟಾಣಿ ಎನ್ನುತ್ತಾನಲ್ಲ ಅಪ್ಪ ಎಂದು ಮುಖ ಊದಿಸಬೇಡ. ನಿನಗೆ ಹೆಸರಿಟ್ಟದ್ದು ನಿಮ್ಮಮ್ಮ, ಬದಲಾಯಿಸುವುದಿದ್ದರೆ ಅವಳೇ ಬದಲಾಯಿಸಬೇಕಿತ್ತು.

ಫೋನು ಬಿಟ್ಟು ಕಾಗದ ಯಾಕೆ ಎಂದರೆ, ಫೋನಿನಲ್ಲಿ ನೀನು "ಊಟ ಆಯ್ತಾ ಅಪ್ಪ" ಅನ್ನುತ್ತೀಯ, ನಾನು "ಆಯ್ತು, ನಿಂದು?" ಅನ್ನುತ್ತೇನೆ, ನೀನು "ಆಯ್ತು" ಅನ್ನುತ್ತೀಯ, ಅಷ್ಟರಲ್ಲಿ ನಿನ್ನ ಹಡಗು ಬಂದರು ಬಿಡುತ್ತದೆ. ಎರಡು ವರ್ಷದಿಂದ ನಾವು ಆಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಒಂದು ಪೋಸ್ಟ್‌ಕಾರ್ಡಿನ ಅರ್ಧವೂ ತುಂಬುವುದಿಲ್ಲ. ನಿನ್ನ ಕಂಪನಿಯ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿಗೆ ಮುಟ್ಟಿಸುತ್ತಾರಂತೆ. ಕೊಟ್ಟು ನೋಡುತ್ತೇನೆ.

ನಮ್ಮ ಕನ್ನಡಕದ ಅಂಗಡಿಯ ಎದುರಿನ ಕ್ಯಾಂಟೀನು ಮುಚ್ಚಿತು. ನಿಮ್ಮಮ್ಮ ಹೋದ ಮೇಲೆ ನನ್ನ ಎರಡು ಹೊತ್ತೂ ಅಲ್ಲೇ ನಡೆಯುತ್ತಿತ್ತು. ಅದರ ಮಾಲೀಕ ಸಾಮಾನು ಖಾಲಿ ಮಾಡುವಾಗ ಒಂದು ಪೆಟ್ಟಿಗೆ ನೂಡಲ್ಸನ್ನು ನನ್ನ ತಲೆಗೆ ಕಟ್ಟಿದ. ಅರ್ಧ ಪುಡಿಯಾಗಿದೆ ಎಂದು ಪುಕ್ಕಟೆ ಎನ್ನುವಂತೆ ಕೊಟ್ಟ. ಜೊತೆಗೆ ಒಂದು ಬಾಟಲಿ ಸೋಯಾ ಸಾಸು.

ಪೊಟ್ಟಣದ ಬೆನ್ನಿಗೆ ನಾಲ್ಕು ಸಾಲು ಇಂಗ್ಲಿಷ್ ಇದೆ. ಮಿಕ್ಕಿದ್ದೆಲ್ಲ ಪೂರ್ವದೇಶದ ಲಿಪಿ, ಒಂದೊಂದು ಅಕ್ಷರವೂ ಕಿಟಕಿ ಬಾಗಿಲು ಇಟ್ಟು ಕಟ್ಟಿದ ಪುಟ್ಟ ಮನೆಯ ಹಾಗೆ. ಎರಡು ವರ್ಷ ಕಾಲೇಜಿನ ಬೆಂಚು ಸವೆಸಿದವನಿಗೆ ಈ ಇಂಗ್ಲಿಷ್ ಏನು ಮಹಾ ಎಂದುಕೊಂಡೆ. ಬಾಯ್ಲ್ ಎಂದಿದೆ, ಗೊತ್ತು. ಆಮೇಲೆ ಡ್ರೇನ್ ಎಂದಿದೆ. ಡ್ರೇನ್ ಎಂದರೆ ಮೋರಿ. ಬೇಯಿಸಿ ಮೋರಿಗೆ ಹಾಕು ಎನ್ನುವ ಅಡುಗೆಯನ್ನು ನಾನು ಎಲ್ಲೂ ಕೇಳಿಲ್ಲ. ಮುಂದೆ ಟಾಸ್ ವಿತ್ ಸಾಸ್. ಟಾಸ್ ಎಂದರೆ ನಾಣ್ಯ ಚಿಮ್ಮುವುದು. ಮೋರಿಗೆ ಹಾಕಿದ ಮೇಲೆ ಯಾರು ಗೆದ್ದರೇನು, ಯಾರು ಸೋತರೇನು? ಕೊನೆಯಲ್ಲಿ ಸೀಸನ್ ಟು ಟೇಸ್ಟ್. ಈಗ ಚಳಿಗಾಲ. ಅದಕ್ಕೆ ಏನು ಮಾಡಬೇಕೋ ಬರೆದಿಲ್ಲ.

ನೀರು ಕುದಿಯಲು ಇಟ್ಟು ಇದನ್ನು ಬರೆಯುತ್ತಾ ಕೂತೆ. ನೀರು ಇಂಗಿಹೋಯಿತು. ಇವತ್ತಿಗೆ ಬ್ರೆಡ್ಡು ಸಾಕು. ಬಿಡುವಾದಾಗ ದಾರಿ ತೋರಿಸು.

ಇಂತಿ ಒಲೆಯ ಮುಂದೆ ಹೊಸಬ,
ಅಪ್ಪ

*

ಮಾರ್ಚ್ ೯

ಅಪ್ಪ,

ನಿನ್ನ ಮೋರಿಯ ವಿಷಯವನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಇಂಜಿನ್ ಕೋಣೆಯವರು ಈಗ ಊಟಕ್ಕೆ ಬಂದಾಗ "ಇವತ್ತು ಮೋರಿಯಲ್ಲಿ ಏನಿದೆ" ಅಂತ ಕೇಳ್ತಾರೆ. ಡ್ರೇನ್ ಅಂದರೆ ನೀರು ಬಸಿ, ಟಾಸ್ ಅಂದರೆ ಬಾಣಲೆಯನ್ನು ಕೈಯಲ್ಲಿ ಹಿಡಿದು ಎಗರಿಸು, ಸೀಸನ್ ಅಂದರೆ ಉಪ್ಪು ಖಾರ ನೋಡಿಕೊಂಡು ಹಾಕು. ಚಳಿಗಾಲಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎಲ್ಲಕ್ಕಿಂತ ಅಗ್ಗದ್ದು ಹೇಳ್ತೀನಿ. ನಮ್ಮ ಹಿರಿಯ ಅಡುಗೆಯವನನ್ನು ನಾವು ಅಜ್ಜ ಅಂತೀವಿ, ಪೂರ್ವದ ಕಡೆಯವನು, ಅವನು ಕಲಿಸಿದ್ದು. ಎಲೆಕೋಸು ದೊಡ್ಡದು ಮೂರು, ಉದ್ದುದ್ದ ಹೆಚ್ಚು. ಶುಂಠಿ ಎರಡು ಮುಷ್ಟಿ, ಬೆಳ್ಳುಳ್ಳಿ ಒಂದು ಬಟ್ಟಲು, ಈರುಳ್ಳಿ ಸೊಪ್ಪು ನಾಲ್ಕು ಕಟ್ಟು, ಮೊಟ್ಟೆ ಮೂವತ್ತು. ಬಾಣಲೆ ಹೊಗೆಯಾಡುವ ತನಕ ಕಾಯಿ, ಹೊಗೆ ಬಂದ ಮೇಲೆ ಕಾಯಬೇಡ. ಮೊದಲು ಮೊಟ್ಟೆ ಕದಡಿ ಹುರಿದು ತೆಗೆದಿಡು. ಆಮೇಲೆ ಎಣ್ಣೆಗೆ ಶುಂಠಿ, ಬೆಳ್ಳುಳ್ಳಿ, ಕೋಸು. ಕೋಸು ಮೆತ್ತಗಾಗಬಾರದು, ಹಲ್ಲಿಗೆ ಸಿಗಬೇಕು. ಬಸಿದ ನೂಡಲ್ಸ್ ಹಾಕಿ ಸೋಯಾ ಸಾಸನ್ನು ಬಾಣಲೆಯ ಅಂಚಿನಿಂದ ಸುರಿ, ನಡುವಿಗಲ್ಲ. ಅಂಚಿಗೆ ಬಿದ್ದು ಸುಟ್ಟರೇ ಪರಿಮಳ. ಮೊಟ್ಟೆ, ಈರುಳ್ಳಿ ಸೊಪ್ಪು ಕೊನೆಗೆ.

ಇದು ಇಪ್ಪತ್ತೆರಡು ಜನಕ್ಕೆ. ಒಬ್ಬರಿಗೆ ಎಷ್ಟು ಅಂತ ನನಗೆ ಗೊತ್ತಿಲ್ಲ. ಒಬ್ಬರಿಗೆ ಅಂತ ನಾನು ಯಾವತ್ತೂ ಅಡುಗೆ ಮಾಡಿಲ್ಲ. ನೀನೇ ಭಾಗಿಸಿಕೋ.

ಅಮ್ಮನ ಕಬ್ಬಿಣದ ಬಾಣಲೆ ಇದೆಯಾ? ಅದರಲ್ಲೇ ಮಾಡಬೇಕು.

ಬಟಾಣಿ

*

ಏಪ್ರಿಲ್ ೪

ಬಟಾಣಿ,

ಬಾಣಲೆ ಇದೆ. ಮೇಲಿನ ಗೂಡಿನಲ್ಲಿ ಕವುಚಿ ಬಿದ್ದಿತ್ತು, ತುಕ್ಕು ಹಿಡಿದು. ಲೆನ್ಸ್ ಉಜ್ಜುವ ತಾಳ್ಮೆಯಿಂದ ಉಜ್ಜಿದೆ. ಮೂರನೆಯ ಸಂಜೆ ಅದರ ತಳದಲ್ಲಿ ನನ್ನ ಮೂಗು ಕಂಡಿತು.

ಭಾಗಾಕಾರಕ್ಕೆ ಕೂತೆ. ಮೊಟ್ಟೆ ಒಂದೂಕಾಲಿಗಿಂತ ತುಸು ಜಾಸ್ತಿ ಬಂತು. ಬೇರೆಯವನಾಗಿದ್ದರೆ ಕಂಗಾಲಾಗುತ್ತಿದ್ದ. ನನಗೆ ಕಾಲು ಎಂದರೆ ದಿನದ ಕೆಲಸ, ಕನ್ನಡಕದ ಪವರು ಏರುವುದೇ ಕಾಲು ಕಾಲಾಗಿ. ಒಂದು ಮೊಟ್ಟೆ ಪೂರ್ತಿ ಹಾಕಿ ಇನ್ನೊಂದನ್ನು ಬಟ್ಟಲಿಗೆ ಒಡೆದು ಚಮಚದಿಂದ ಕಾಲು ಭಾಗ ತೆಗೆಯಲು ಹೋದೆ. ಮೊಟ್ಟೆ ಕಾಲು ಭಾಗವಾಗಿ ಬರುವುದಿಲ್ಲ ಮಗಳೇ. ಬಂದರೆ ಇಡಿಯಾಗಿ ಬರುತ್ತದೆ, ಇಲ್ಲವಾದರೆ ಚಮಚದಿಂದ ಜಾರಿ ವಾಪಸ್ಸು ಹೋಗುತ್ತದೆ. ಕೋಸನ್ನಂತೂ ಲೆಕ್ಕ ಹಾಕಿ ಹೆಚ್ಚಿ ಉಳಿದದ್ದನ್ನು ಮುಚ್ಚಿಟ್ಟರೆ ವಾರವೆಲ್ಲ ಅದೇ ಕೋಸು ನನ್ನ ಮುಖ ನೋಡುತ್ತಿತ್ತು.

ಹೊಗೆ ಬರುವ ತನಕ ಕಾಯಿ ಅಂದೆ. ಕಾದೆ. ಮನೆ ತುಂಬ ಹೊಗೆ. ಕೆಳಗಿನ ಕೋಣೆಗೆ ಹೊಸದಾಗಿ ಒಬ್ಬ ಹೊಲಿಗೆಯಾಕೆ ಬಾಡಿಗೆಗೆ ಬಂದಿದ್ದಾರೆ, ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದರು:

"ಕನ್ನಡಕದವರೇ, ಅಡುಗೆ ಮಾಡ್ತಿದೀರೋ, ಮನೆ ಖಾಲಿ ಮಾಡ್ತಿದೀರೋ?"

"ನೂಡಲ್ಸ್. ಮಗಳು ಹೇಳಿಕೊಟ್ಟಿದ್ದು."

ಬಗ್ಗಿ ಬಾಣಲೆ ನೋಡಿದರು. "ನನ್ನ ಬುಟ್ಟಿಲಿ ಸಿಕ್ಕುಬಿದ್ದಿರೋ ದಾರ ಇದಕ್ಕಿಂತ ಪರವಾಗಿಲ್ಲ" ಅಂದರು. ಆದರೂ ಒಂದು ಬಟ್ಟಲು ಹಾಕಿಸಿಕೊಂಡು ಹೋದರು. ಬಟ್ಟಲು ತೊಳೆದು ವಾಪಸ್ಸು ಬಂತು, ಟೀಕೆ ಏನೂ ಬರಲಿಲ್ಲ. ನಾನು ಇದನ್ನು ಫಸ್ಟ್ ಕ್ಲಾಸು ಎಂದು ತಿಳಿದುಕೊಂಡಿದ್ದೇನೆ.

ಸಾಸನ್ನು ಅಂಚಿನಿಂದ ಸುರಿದಾಗ ಚುರ್ ಅಂತು ನೋಡು, ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಏನೋ ಅಭ್ಯಾಸ. ಒಲೆಯ ಹತ್ತಿರ ಆ ಸದ್ದು ಆದರೆ ಈ ಮನೆಯಲ್ಲಿ ಇನ್ನೊಬ್ಬರು ಇರುತ್ತಿದ್ದರು.

ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದು ಪ್ಯಾಸಿವ್ ವಾಯ್ಸ್ ಒಂದೇ. ನಮ್ಮಲ್ಲಿ ಕರ್ಮಣಿ ಪ್ರಯೋಗ ಎನ್ನುತ್ತಾರಲ್ಲ, ಅದೇ. ಬಹಳ ಸೌಕರ್ಯದ ವಸ್ತು. ಮಾಡುವವನ ಹೆಸರು ಹೇಳದೆಯೇ ಕೆಲಸ ಆಗಿಬಿಡುತ್ತದೆ. ಕೋಸು ಹೆಚ್ಚಲ್ಪಟ್ಟಿತು. ಬಾಣಲೆ ಸೀಯಲ್ಪಟ್ಟಿತು. ಮನೆಯಲ್ಲಿ ನಿನ್ನನ್ನು ನೆನೆಯಲಾಗುತ್ತದೆ. ಯಾರಿಂದ ಎಂದು ಕೇಳುವ ಹಾಗಿಲ್ಲ, ಅದೇ ಅದರ ಅನುಕೂಲ.

ಇನ್ನೊಂದು ಪಾಠ ಕಳಿಸು.

ಅಪ್ಪ

*

ಮೇ ೧೭

ಅಪ್ಪ,

ಕಾಲು ಮೊಟ್ಟೆ ಕೇಳಿ ಅಜ್ಜ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಉಳಿದ ಕೋಸಿಗೆ ಅವನದೇ ಉಪಾಯ: ಉಪ್ಪು, ಸಕ್ಕರೆ, ವಿನಿಗರ್ ಹಾಕಿ ಗಾಜಿನ ಡಬ್ಬದಲ್ಲಿ ಒತ್ತಿಡು. ಹುಳಿಯಾಗಲಿ. ಅನ್ನದ ಪಕ್ಕಕ್ಕೆ ಬರುತ್ತದೆ.

ಈ ಸಲ ಹುರಿದ ಅನ್ನ. ಇವತ್ತಿನ ಅನ್ನ ಬೇಡ, ನಿನ್ನೆಯದು ಬೇಕು. ತಣ್ಣಗೆ ಇಟ್ಟು ಒಣಗಿದ ಅನ್ನವೇ ಬಿಡಿಬಿಡಿಯಾಗಿ ಬರುವುದು. ಕೈ ಒದ್ದೆ ಮಾಡಿಕೊಂಡು ಗಂಟು ಬಿಡಿಸು. ಮೊಟ್ಟೆ, ಶುಂಠಿ, ಕ್ಯಾರೆಟ್ಟು ಸಣ್ಣಗೆ ಹೆಚ್ಚಿದ್ದು, ಮನೆಯಲ್ಲಿ ಏನು ಉಳಿದಿದ್ದರೂ ಸೈ. ಹಸಿ ಬಟಾಣಿ ಸಿಕ್ಕಿದರೆ ಹಾಕು. ನನ್ನ ನೆನಪಿಗೆ ಅಂತ ಅಲ್ಲ, ರುಚಿಗೆ.

ನಿನ್ನೆ ಸಮುದ್ರ ಜೋರಿತ್ತು. ಪಾತ್ರೆಗಳನ್ನೆಲ್ಲ ಸರಪಳಿ ಹಾಕಿ ಒಲೆಗೆ ಕಟ್ಟಿ ಅಡುಗೆ ಮಾಡಿದೆವು. ಅಂಥ ಹೊತ್ತಲ್ಲಿ ನಿಲ್ಲುವ ನೆಲ ಅಂದರೆ ಹೇಗಿರುತ್ತೆ ಅನ್ನೋದೇ ಮರೆಯುತ್ತೆ.

ನನ್ನ ಕರಾರು ಸೆಪ್ಟೆಂಬರಿಗೆ ಮುಗಿಯುತ್ತೆ. ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತಿದಾರೆ. ನೋಡಬೇಕು. ಹೊಲಿಗೆಯಾಕೆ ಒಳ್ಳೆಯವರಾ?

ಬಟಾಣಿ

*

ಜೂನ್ ೨೦

ಬಟಾಣಿ,

ನಿನ್ನೆಯ ಅನ್ನ ಬೇಕು ಎಂದು ಬರೆದೆಯಲ್ಲ, ಈ ಒಂದು ವಿಷಯದಲ್ಲಿ ನಾನು ಮೊದಲೇ ಪರಿಣತ. ನನ್ನ ಮನೆಯಲ್ಲಿ ಯಾವಾಗಲೂ ನಿನ್ನೆಯ ಅನ್ನವೇ ಇರುತ್ತದೆ. ಒಬ್ಬನಿಗೆ ಎಂದು ಅಕ್ಕಿ ಅಳೆದರೂ ಕೈ ತನಗೆ ತಿಳಿದಷ್ಟೇ ಹಾಕುತ್ತದೆ.

ಹುರಿದ ಅನ್ನ ಗೆದ್ದಿತು. ಹುಳಿ ಕೋಸೂ ಗೆದ್ದಿತು. ಹೊಲಿಗೆಯಾಕೆ ಒಳ್ಳೆಯವರಾ ಎಂದು ಕೇಳಿದ್ದೀಯ. ನಾಲಿಗೆ ಕತ್ತರಿ, ಮನಸ್ಸು ಹತ್ತಿ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಅಂಗಡಿಗೆ ಬಂದಿದ್ದರು. ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ "ಕೊನೇ ಸಾಲು ಓದಿದ್ರೆ ಏನು ಕೊಡ್ತೀರಾ?" ಎಂದು ಕೇಳುತ್ತಾರೆ. ಒಂದು ಜೊತೆ ಕನ್ನಡಕ ಮಾಡಿಕೊಟ್ಟೆ. ಅಡುಗೆಯಾದ ದಿನ ಒಂದು ಬಟ್ಟಲು ಕೆಳಗೆ ಹೋಗುತ್ತದೆ. ಮನೆಯಲ್ಲಿ ಮತ್ತೆ ಮಾತು ಕೇಳಿಸುತ್ತದೆ ಎನ್ನುವುದೂ ಒಂದು.

ಕರಾರಿನ ವಿಷಯ. ಸಹಿ ಹಾಕುವ ಮುಂಚೆ ಚೆನ್ನಾಗಿ ಓದು. ಸಣ್ಣ ಅಕ್ಷರದಲ್ಲಿ ಬರೆದದ್ದನ್ನೇ ಮೊದಲು ಓದಬೇಕು ಎಂದು ಕನ್ನಡಕದವನಾಗಿ ಹೇಳುತ್ತೇನೆ. ಎರಡು ವರ್ಷ ಎಂದರೆ ಎರಡು ವರ್ಷ. ನಿನಗೆ ಸರಿ ಕಂಡದ್ದು ಮಾಡು, ನಾನು ಯಾರು ಹೇಳಲಿಕ್ಕೆ.

ಇಷ್ಟು ಬರೆದು ಎದ್ದು ಹೋಗಿ ಬಂದೆ. ಹೋಗಿ ಏನೂ ಮಾಡಲಿಲ್ಲ, ಅಡುಗೆಮನೆಯಲ್ಲಿ ನಿಂತು ಬಂದೆ.

ಇನ್ನೊಂದು ಕೋರಿಕೆ. ಈ ಭಾಗಾಕಾರ ಸಾಕಾಯಿತು. ಒಬ್ಬನಿಗೆ ಅಡುಗೆ ಎನ್ನುವುದು ಆಗದ ಮಾತು. ಸೆಪ್ಟೆಂಬರಿನಿಂದ ಈ ಮನೆಯಲ್ಲಿ ಇಬ್ಬರಿಗೆ ಅಡುಗೆ ಮಾಡಬೇಕೆಂದು ಆಶಿಸಲಾಗಿದೆ. ಅದಕ್ಕಾಗಿ ಇನ್ನೊಂದು ಬಟ್ಟಲನ್ನೂ ಕೊಳ್ಳಲಾಗಿದೆ, ನೀಲಿ ಅಂಚಿನದು. ಆದ್ದರಿಂದ ಇಬ್ಬರಿಗಾದರೆ ನೂಡಲ್ಸ್ ಎಷ್ಟು, ಕೋಸು ಎಷ್ಟು, ಸಾಸು ಎಷ್ಟು ಎಂಬುದನ್ನು ತಿಳಿಸತಕ್ಕದ್ದು.

ಉತ್ತರಕ್ಕೆ ಕಾಯಲಾಗುತ್ತಿದೆ.

ಅಪ್ಪ

*

ಜುಲೈ ೨೮

ಅಪ್ಪ,

ನಿಮ್ಮ ಕಾಗದ ತಲುಪಿತು. ವಿಷಯ ತಿಳಿಯಿತು.

ಇಬ್ಬರಿಗೆ ನೂಡಲ್ಸ್ ಎರಡು ಹಿಡಿ. ಕೋಸು ಸಣ್ಣದರಲ್ಲಿ ಅರ್ಧ. ಮೊಟ್ಟೆ ಮೂರು. ಶುಂಠಿ ಹೆಬ್ಬೆರಳಷ್ಟು. ಬೆಳ್ಳುಳ್ಳಿ ನಾಲ್ಕು ಎಸಳು. ಸಾಸು ಎರಡು ಚಮಚ. ನನಗೆ ಗೊತ್ತಿರಲಿಲ್ಲ, ಅಜ್ಜನನ್ನು ಕೇಳಿ ಬರೆದಿದ್ದೇನೆ. ಖಾರ ಆಗುತ್ತದೋ ಇಲ್ಲವೋ ಅವರನ್ನೇ ಕೇಳಿ.

ಅಮ್ಮನ ಬಾಣಲೆ ಇಬ್ಬರಿಗೆ ದೊಡ್ಡದು. ಹೊಸದೊಂದು ತೆಗೆದುಕೊಳ್ಳಿ. ಹಳೆಯದನ್ನು ಎತ್ತಿಡಿ, ಯಾವಾಗಲಾದರೂ ಆ ಕಡೆ ಬಂದರೆ ತೆಗೆದುಕೊಂಡು ಹೋಗುತ್ತೇನೆ.

ಮುಂದಿನ ಬಂದರಿನಲ್ಲಿ ಕರಾರಿನ ಕಾಗದ ತರುತ್ತಾರೆ. ಸಹಿ ಹಾಕುತ್ತೇನೆ.

ನೀವು ಚೆನ್ನಾಗಿರಿ. ಊಟ ಹೊತ್ತುಹೊತ್ತಿಗೆ ಮಾಡಿ.

ನಿಮ್ಮ ಮಗಳು

*

ಆಗಸ್ಟ್ ೧೫

ಬಟಾಣಿ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಎರಡು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹುಟ್ಟಿದಾಗಿನಿಂದ ನನ್ನನ್ನು ನೀನು ಅಂತ ಕರೆದವಳು, ಬೈದಾಗಲೂ ನೀನು ಅಂತಲೇ ಬೈದವಳು, ಈಗ ನೀವು ಎನ್ನುತ್ತಾಳಲ್ಲ ಎಂದು. ಬಂದರು ಬಂದರು ತಿರುಗಿ ಮರ್ಯಾದೆ ಕಲಿತಳೇನೋ ಅಂದುಕೊಂಡೆ. ಆ ಮರ್ಯಾದೆ ಕಾಲಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಇಂಗ್ಲಿಷಿನಲ್ಲಾದರೆ ಈ ಪೀಕಲಾಟ ಇಲ್ಲ, ಎಲ್ಲರಿಗೂ ಒಂದೇ ಯೂ.

ನಿನ್ನೆ ಹೊಲಿಗೆಯಾಕೆ ಕೆಳಗೆ ತಮ್ಮ ಬಾಗಿಲಲ್ಲಿ ಹುಕ್ಕು ಹಾಕುತ್ತಾ ಕೂತಿದ್ದರು. "ಯಾಕೆ ಕನ್ನಡಕದವರೇ, ಮುಖ ಹುಳಿ ಕೋಸಿನ ಹಾಗಾಗಿದೆ?" ಅಂದರು. ಓದಿ ಹೇಳಿದೆ. ಕೈಯಿಂದ ಕಿತ್ತುಕೊಂಡು ತಾವೇ ಮತ್ತೊಮ್ಮೆ ಓದಿದರು, ನಾನು ಮಾಡಿಕೊಟ್ಟ ಕನ್ನಡಕದಿಂದಲೇ.

"ಇದು ಮರ್ಯಾದೆಯ ನೀವು ಅಲ್ಲ."

"ಮತ್ತೆ?"

"ಇಬ್ಬರ ನೀವು. ನೀವೂ ನಾನೂ ಸೇರಿ ನೀವು. ನಿಮ್ಮ ಮಗಳು ನನ್ನನ್ನ ನಿಮ್ಮ ಮನೆ ತುಂಬಿಸಿಬಿಟ್ಟಿದಾಳೆ."

ಕಾಗದ ಮಡಿಸಿ ನನ್ನ ಕೈಗಿಟ್ಟರು.

"ನೀವು ಏನಂತ ಬರೆದಿದ್ರಿ ಮೊದಲು?"

ಹೇಳಿದೆ. ಆಶಿಸಲಾಗಿದೆ, ಕೊಳ್ಳಲಾಗಿದೆ, ತಿಳಿಸತಕ್ಕದ್ದು. ಅವರು ನಕ್ಕ ನಗುವಿಗೆ ಒಳಗಿನಿಂದ ಕೆಮ್ಮು ಕೇಳಿಸಿತು. "ಏಳಬೇಡಿ, ಮಲಕ್ಕೊಳ್ಳಿ" ಎಂದು ಒಳಗೆ ಕೂಗಿ ನನ್ನ ಕಡೆ ತಿರುಗಿದರು. "ನಮ್ಮೆಜಮಾನ್ರು ಇನ್ನೂ ಗಟ್ಟಿಯಾಗಿದಾರೆ ಅಂತ ಮೊದಲು ಬರೀರಿ. ಗೋದಾಮಿನ ಕಾವಲು, ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ನೀವು ಕಳಿಸೋ ಬಟ್ಟಲಲ್ಲಿ ಮುಕ್ಕಾಲು ಅವರಿಗೇ ಹೋಗುತ್ತೆ. ಆಮೇಲೆ ಆ ಹುಡುಗಿಗೆ ಬಾಯಿಬಿಟ್ಟು ಹೇಳಿ. ಹೀಗೆ ಸರ್ಕಾರಿ ನೋಟೀಸು ಅಂಟಿಸಬೇಡಿ."

ಆದ್ದರಿಂದ ಕರ್ಮಣಿ ಪ್ರಯೋಗ ಬಿಟ್ಟು ಬರೆಯುತ್ತೇನೆ. ಈ ಕಾಗದ ನೀನು ಸಹಿ ಹಾಕುವ ಮೊದಲು ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಕಂಪನಿಯ ಆಫೀಸಿಗೆ ನಾನೇ ಹೋಗಿ ಕೊಟ್ಟು, ಅಲ್ಲಿನ ಗುಮಾಸ್ತನ ಎದುರು ನಿಂತು, ಚೀಲಕ್ಕೆ ಹಾಕುವುದನ್ನು ನೋಡಿ ಬರುತ್ತೇನೆ.

ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬಳು ನೀನು. ನೀಲಿ ಅಂಚಿನ ಬಟ್ಟಲು ನಾನು ಕೊಂಡೆ, ನಿನಗೆ ಕೊಂಡೆ. ಸೆಪ್ಟೆಂಬರಿಗೆ ನೀನು ಬರಬೇಕೆಂದು ಆಸೆಪಟ್ಟವನು ನಾನು. ನಿನ್ನನ್ನು ನೆನೆಯುವವನು ನಾನು, ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ, ಲೆನ್ಸಿಗೆ ಉಸಿರು ಬಿಟ್ಟು ಒರೆಸುವಾಗ, ಅಕ್ಕಿ ಅಳೆಯುವಾಗ.

ನಿಮ್ಮಮ್ಮ ಹೋದ ದಿನ ನೀನು ಸಮುದ್ರದ ನಡುವೆ ಇದ್ದೆ. ಅಲ್ಲಿಂದ ಯಾರೂ ಇಳಿದು ಬರಲಾಗುವುದಿಲ್ಲ. ಅದು ನನಗೆ ಗೊತ್ತು, ನಿಮ್ಮಮ್ಮನಿಗೂ ಗೊತ್ತಿತ್ತು. ಗೊತ್ತಾಗದೆ ಇರುವುದು ನಿನಗೊಬ್ಬಳಿಗೆ. ಅದಕ್ಕೇ ಬಂದರು ಬಂದರೂ ಇಳಿಯದೆ ಇದ್ದೀಯ ಎಂದು ನನ್ನ ಊಹೆ. ಊಹೆ ತಪ್ಪಾಗಿದ್ದರೆ ಬೈದು ಬರಿ, ಆದರೆ ನೀನು ಅಂತ ಬೈ.

ಬಾಣಲೆಯನ್ನು ಎತ್ತಿಡುವುದಿಲ್ಲ. ಇಬ್ಬರಿಗೆ ಅದು ದೊಡ್ಡದಲ್ಲ. ನಾವು ಮೂವರಿದ್ದಾಗ ಅದು ಸಾಲುತ್ತಿರಲಿಲ್ಲ, ನಿಮ್ಮಮ್ಮ ಗೊಣಗುತ್ತಿದ್ದಳು, ನೆನಪಿದೆಯಾ?

ಸಹಿ ಹಾಕಬೇಡ. ನೀನು ಬಾ.

ನಿನ್ನ ಅಪ್ಪ

*

ಸೆಪ್ಟೆಂಬರ್ ೨೨

ಅಪ್ಪ,

ಕಂಪನಿಯ ಏಜೆಂಟು ಊಟದ ಮೇಜಿನ ಮೇಲೆ ಕರಾರು ಹರಡಿ ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದ. ನಿನ್ನ ಕಾಗದವೂ ಅವನ ಚೀಲದಲ್ಲೇ ಇತ್ತು. ಮೊದಲು ಇದನ್ನ ಓದ್ತೀನಿ ಅಂದೆ. ಒಲೆ ಹಿಂದೆ ನಿಂತು ಓದಿದೆ. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

ಒಂದು ಸಹಿ ಹಾಕಿದೆ, ಕಾಗದ ತಲುಪಿತು ಅನ್ನೋದಕ್ಕೆ. ಇನ್ನೊಂದು ಹಾಕಲಿಲ್ಲ.

ಹೊಲಿಗೆಯಾಕೆಗೆ ನನ್ನ ಪರವಾಗಿ ಏನು ಹೇಳಬೇಕೋ ಹೇಳು. ಅವರ ಯಜಮಾನರಿಗೆ ಇನ್ನೂ ಒಂದು ಬಟ್ಟಲು ಜಾಸ್ತಿ ಕೊಡು.

ನಿನ್ನ ಊಹೆ ತಪ್ಪಲ್ಲ. ಆ ಬಾಗಿಲು ತೆಗೆದರೆ ಅಮ್ಮ ಒಲೆ ಹತ್ತಿರ ಇರಲ್ಲ ಅನ್ನೋದು ನನಗೆ ಗೊತ್ತು, ಆದರೆ ಕಣ್ಣಲ್ಲಿ ನೋಡಿಲ್ಲ. ನೋಡದೆ ಇದ್ದರೆ ಇನ್ನೂ ಪೂರ್ತಿ ಆಗಿಲ್ಲ ಅನ್ನಿಸ್ತಿತ್ತು. ಹಡಗಿನಲ್ಲಿ ಹಾಗೆ ಅಂದುಕೊಂಡು ಇರಬಹುದು. ಎಷ್ಟು ವರ್ಷ ಬೇಕಾದರೂ ಇರಬಹುದು. ಬಂದಾಗ ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲಬಹುದು. ಏನೂ ಕೇಳದೆ ನಿನ್ನ ಕೆಲಸ ನೀನು ಮಾಡ್ತಾ ಇರು. ಸಾಸನ್ನು ಅಂಚಿನಿಂದ ಸುರಿ, ಸದ್ದು ಆಗಲಿ.

ಬದಲಿ ಅಡುಗೆಯವನು ಬರುವ ತನಕ ನನ್ನನ್ನು ಇಲ್ಲಿಂದ ಬಿಡೋದಿಲ್ಲ. ಅಕ್ಟೋಬರ್ ಕೊನೆಯ ವಾರ ಅಂತಾರೆ. ದಿನ ಹೇಳೋಕೆ ಆಗಲ್ಲ. ಬಂದರಿನಿಂದ ಬಸ್ಸಲ್ಲಿ ಬರ್ತೀನಿ.

ನೂಡಲ್ಸನ್ನು ಮೊದಲೇ ಬೇಯಿಸಿಡಬೇಡ, ಮುದ್ದೆಯಾಗುತ್ತೆ. ನೀರು ಮಾತ್ರ ಕುದಿಯಲಿ. ನಾನು ಬಂದ ಮೇಲೆ ಹಾಕು.

ನಿನ್ನ ಬಟಾಣಿ

*

ಅಕ್ಟೋಬರ್ ೨೭, ಮನೆ ಬಾಗಿಲಿಗೆ

ಬಟಾಣಿ,

ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೇನೆ. ದಾರಿಯಲ್ಲಿ ಒಬ್ಬರಿಗೊಬ್ಬರು ಸಿಗದೆ ನೀನೇ ಮೊದಲು ಮನೆ ಮುಟ್ಟಿದರೆ, ಅದಕ್ಕೆ ಈ ಚೀಟಿ. ವಾರದಿಂದ ದಿನವೂ ತಾರೀಕು ತಿದ್ದಿ ಇದನ್ನೇ ಅಂಟಿಸುತ್ತಿದ್ದೇನೆ, ಕಾಗದ ಸವೆದಿದೆ, ಬೇಜಾರು ಮಾಡಿಕೊಳ್ಳಬೇಡ.

ಬೀಗದ ಕೈ ಹೊಲಿಗೆಯಾಕೆಯ ಹತ್ತಿರ ಇದೆ. ಅವರು ನಿನ್ನನ್ನು ಮೇಲಿಂದ ಕೆಳಗೆ ನೋಡಿ ಏನಾದರೂ ಅಂದೇ ಅನ್ನುತ್ತಾರೆ. ಅನ್ನಿಸಿಕೋ, ಇಬ್ಬರಿಗೂ ಬಾಕಿ ಇದೆ. ಮೆಲ್ಲಗೆ ಮಾತಾಡು, ಯಜಮಾನರು ಮಲಗಿರುತ್ತಾರೆ.

ಬಾಗಿಲಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ನಿಲ್ಲು. ಆಮೇಲೆ ಒಳಗೆ ಬಾ. ಕೋಸು ಹೆಚ್ಚಿಟ್ಟಿದ್ದೇನೆ, ಅರ್ಧ. ಮೊಟ್ಟೆ ಮೂರು, ಇಡಿಯವು. ನೀರು ತುಂಬಿಸಿ ಪಾತ್ರೆ ಒಲೆಯ ಮೇಲಿಟ್ಟಿದ್ದೇನೆ, ಹಚ್ಚಿಲ್ಲ. ನೀನು ಹಚ್ಚಬೇಡ, ಇವತ್ತು ಅಡುಗೆ ನನ್ನದು.

ನಾನು ಮೆಟ್ಟಿಲು ಹತ್ತಿ ಬಂದ ಕೂಡಲೇ ನೀನು ಕೇಳುವುದು ಗೊತ್ತು. ಅದಕ್ಕೆ ಈ ಸಲ ಉತ್ತರ ಮೊದಲೇ ಬರೆದಿಡುತ್ತೇನೆ.

ಇಲ್ಲ ಮಗಳೇ, ನನ್ನ ಊಟ ಇನ್ನೂ ಆಗಿಲ್ಲ.

ಅಪ್ಪ